ಕಬ್ಬಿನ ಉಣ್ಣೆಹೇನು ಮತ್ತು ಶ್ರಾವಕನ ವಿವೇಕ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಹೊಲಗಳಿಗೆ ಏರಿದ ಮೇಲೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಸೀಮೆಯ ಬೇಸಾಯದ ಸ್ವರೂಪವೇ ಬದಲಾಯಿತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯೂ, ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರೇ 1989ರಲ್ಲಿ ಕಟ್ಟಿಕೊಂಡ ಬ್ಯಾರೇಜೂ ಈ ಬದಲಾವಣೆಗೆ ಇಂಬು ಕೊಟ್ಟವು. ಜೋಳದ ಹೊಲಗಳಲ್ಲಿ ಕಬ್ಬು ನಿಂತಿತು. ಒಂದೇ ಬೆಳೆ ಹರದಾರಿಗಟ್ಟಲೆ ಹಬ್ಬಿದಲ್ಲಿ ಅದನ್ನುಣ್ಣುವ ಕೀಟಕ್ಕೂ ಸುಗ್ಗಿಯೇ ಸರಿ.

ಆ ಕೀಟ ಬಂದದ್ದು 2002ರಲ್ಲಿ. ಜಾವಾ ದ್ವೀಪದಲ್ಲಿ 1897ರಲ್ಲಿಯೇ ವಿಜ್ಞಾನಿಗಳು ಗುರುತಿಸಿದ್ದ ಬಿಳಿ ಉಣ್ಣೆಹೇನು 1958ರಲ್ಲಿ ಪಶ್ಚಿಮ ಬಂಗಾಳದ ಕಬ್ಬಿನಲ್ಲಿ ವರದಿಯಾಗಿತ್ತು. 2002ರಲ್ಲಿ ಅದು ಮಹಾರಾಷ್ಟ್ರದ ಸಾಂಗಲಿ ಭಾಗದಲ್ಲಿ ಕಾಣಿಸಿಕೊಂಡು, ಅದೇ ವರ್ಷ ಬೆಳಗಾವಿ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳನ್ನೂ ಮುಟ್ಟಿತು. ಎಲೆಯ ಕೆಳಮೈಯಲ್ಲಿ ಬಿಳಿ ಮೇಣದ ಎಳೆಗಳನ್ನು ಹೊದ್ದು ಸಾವಿರಾರು ಹೇನುಗಳು ರಸ ಹೀರುತ್ತಿದ್ದವು. ಅವು ಸ್ರವಿಸಿದ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತಿತ್ತು. ಗಂಡಿನ ಸಂಪರ್ಕವಿಲ್ಲದೆ ಮರಿ ಹಾಕುವ ಜೀವಿಯಾದ್ದರಿಂದ ಅದರ ಸಂಖ್ಯೆ ಕೆಲವೇ ವಾರಗಳಲ್ಲಿ ಅಪಾರವಾಗಿ ಏರುತ್ತಿತ್ತು.

ಗಾಬರಿಗೊಂಡ ರೈತನು ವಿಷಕ್ಕೆ ಕೈಹಾಕಿದ್ದು ಸಹಜವೇ. ಮೆಲಾಥಿಯಾನ್, ಮಿಥೈಲ್ ಪ್ಯಾರಾಥಿಯಾನ್, ಎಂಡೋಸಲ್ಫಾನ್‌ನಂಥ ಪುಡಿ ಹಾಗೂ ದ್ರಾವಣಗಳು ಬಳಕೆಗೆ ಬಂದವು. ಆದರೆ ಆಳೆತ್ತರ ಮೀರಿದ ಕಬ್ಬಿನೊಳಗೆ ಸಿಂಪಡಿಸುವುದೇ ದುಸ್ತರ. ವಿಷದ ಹನಿ ಎಲೆಗಿಂತ ಮೊದಲು ಕೂಲಿಯವನ ಮುಖಕ್ಕೆ ತಾಗುವ ಸ್ಥಿತಿ. ಮೇಣದ ಹೊದಿಕೆಯ ಮೇಲೆ ಬರಿಯ ನೀರು ನಿಲ್ಲದೆ ಜಾರುತ್ತದೆ. ದ್ರಾವಣಕ್ಕೆ ಸಾಬೂನು ಬೆರೆಸುವ ರೂಢಿಗೆ ಇದೇ ಕಾರಣ. ರಾಸಾಯನಿಕ ವಿಷಗಳು ಬರುವ ಮುನ್ನ ತಂಬಾಕಿನ ಕಷಾಯಕ್ಕೆ ಸಾಬೂನು ಕೂಡಿಸಿ ಹೇನುಗಳಿಗೆ ಸಿಂಪಡಿಸುತ್ತಿದ್ದುದೂ ಉಂಟು.

ವಿಷವು ಶತ್ರು-ಮಿತ್ರರನ್ನು ಬೇರ್ಪಡಿಸಲಾರದು. ಉಣ್ಣೆಹೇನನ್ನೇ ಆಹಾರವಾಗಿಸಿಕೊಂಡ ಡೈಫಾ ಎಂಬ ಪತಂಗದ ಮರಿಹುಳುಗಳೂ, ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಕೀಟವೂ ಇದೇ ಹೊಲಗಳಲ್ಲಿ ಕಾಣಿಸಿಕೊಂಡಿದ್ದವು. ವಿಷ ಬಿದ್ದಲ್ಲಿ ಇವೂ ಸತ್ತವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಮಿತ್ರಕೀಟಗಳನ್ನು ಸಾಕಿ ಬೆಳೆಸುವ ವಿಧಾನವನ್ನು ರೂಪಿಸಿದರು. ಸಾಲುಗಳ ಅಂತರ ಹೆಚ್ಚಿಸುವುದು, ಯೂರಿಯಾ ಮಿತಗೊಳಿಸುವುದು, ಹೇನು ತಗುಲಿದ ಸೋಗೆಯನ್ನು ಬೇರೆಡೆಗೆ ಸಾಗಿಸದಿರುವುದು ಮುಂತಾದ ಕ್ರಮಗಳೂ ಪ್ರಚಾರಕ್ಕೆ ಬಂದವು. ಮುಂದಿನ ವರ್ಷಗಳಲ್ಲಿ ಹಾವಳಿ ತಗ್ಗಿದ್ದಕ್ಕೆ ಮಿತ್ರಕೀಟಗಳ ಪಾತ್ರ ಬಹುಮುಖ್ಯವೆಂದು ಕಂಡುಬಂತು. ಅತ್ತ ಎಂಡೋಸಲ್ಫಾನ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದಲೂ, ಮಿಥೈಲ್ ಪ್ಯಾರಾಥಿಯಾನ್ 2018ರಲ್ಲಿ ಕೇಂದ್ರ ಸರಕಾರದ ಆದೇಶದಿಂದಲೂ ನಿಷಿದ್ಧವಾದವು.

ಹಾಗಾದರೆ ಮಿತ್ರಕೀಟದ ಮಾರ್ಗ ಅಹಿಂಸೆಯೇ? ಹಾಗೆನ್ನಲಾಗದು. ಹೇನನ್ನು ಹುಳು ತಿಂದರೂ ಪ್ರಾಣಹಾನಿಯೇ. ತಿನ್ನಲೆಂದೇ ಹುಳುವನ್ನು ತಂದು ಬಿಟ್ಟವನಿಗೆ ಅದರಲ್ಲಿ ಪಾಲಿಲ್ಲವೆನ್ನುವುದು ಆತ್ಮವಂಚನೆ. ಸಾಬೂನೂ ಕೊಲ್ಲುತ್ತದೆ. ಕೃಷಿಯನ್ನು ಆದಿನಾಥ ತೀರ್ಥಂಕರರು ಬೋಧಿಸಿದ ಷಟ್ಕರ್ಮಗಳಲ್ಲಿ ಎಣಿಸಿದ ಪರಂಪರೆಯೇ ಅದರಲ್ಲಿ ಉದ್ಯೋಗೀ ಹಿಂಸೆ ಇದೆಯೆಂದೂ ಒಪ್ಪಿದೆ. ಗೃಹಸ್ಥನಿಗೆ ಉಳಿದಿರುವ ಪ್ರಶ್ನೆ ಒಂದೇ: ಅನಿವಾರ್ಯವಾದದ್ದೆಷ್ಟು, ಅವಸರದಿಂದಾದದ್ದೆಷ್ಟು? ಎಲೆ ತಿರುವಿ ನೋಡದೆ, ಮಿತ್ರಕೀಟವಿದೆಯೇ ಎಂದು ಪರೀಕ್ಷಿಸದೆ, ನೆರೆಯವನು ಹೊಡೆದನೆಂದು ತಾನೂ ಹೊಡೆಯುವ ವಿಷವು ಪ್ರಮಾದದ ಹಿಂಸೆ. 2002ರ ಅನುಭವದಲ್ಲಿ ಅದೇ ಪ್ರಮಾದವು ಖರ್ಚಿನ ಬಾಬಿನಲ್ಲಿಯೂ ನಷ್ಟವನ್ನೇ ತೋರಿಸಿತು.

ಬಸದಿಗಳ ಹೂದೋಟ ಹಾಗೂ ಜಮೀನು ನೋಡಿಕೊಳ್ಳುವ ವಿಶ್ವಸ್ತ ಮಂಡಳಿಗಳಿಗೂ ಈ ವಿವೇಕ ಸಲ್ಲುತ್ತದೆ. ದಾಸವಾಳ, ಸೇವಂತಿಗೆಗಳ ಕುಡಿಗೆ ಹೇನು ಹತ್ತಿದರೆ ಮೊದಲು ನೀರಿನ ರಭಸದಿಂದ ತೊಳೆಯಬಹುದು, ಹೆಚ್ಚು ಬಾಧೆಗೊಂಡ ಕುಡಿಯನ್ನು ಚಿವುಟಬಹುದು. ಆಗದಿದ್ದರೆ ಮಾತ್ರ ತೆಳುವಾದ ಸಾಬೂನು ನೀರು. ಅದು ಮೈಗೆ ತಾಗಿದ ಹುಳುವನ್ನಷ್ಟೇ ಕೊಲ್ಲುತ್ತದೆ. ಒಣಗಿದ ಮೇಲೆ ಬರುವ ಗುಲಗಂಜಿ ಹುಳುವಿಗೂ ಜೇನಿಗೂ ವಿಷವಾಗಿ ಉಳಿಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಕೆಲಸ ಮಾಡದೆಂಬುದನ್ನೂ ನೆನಪಿಡಬೇಕು.

ಕೀಟನಾಶಕದ ಅಂಗಡಿ ನಡೆಸುವ ಶ್ರಾವಕರ ಹೊಣೆ ಇನ್ನೂ ದೊಡ್ಡದು. ಶ್ರಾವಕನು ತ್ಯಜಿಸಬೇಕಾದ ಹದಿನೈದು ವೃತ್ತಿಗಳನ್ನು ಹೆಸರಿಸುವಾಗ ಪೂರ್ವಾಚಾರ್ಯರು ವಿಷವಾಣಿಜ್ಯವನ್ನೂ ಎಣಿಸಿದ್ದಾರೆ. ಆ ವೃತ್ತಿಯನ್ನು ಬಿಡಲಾಗದವನು ಕೇಳಿದಷ್ಟನ್ನೂ ಮಾರುವ ಮೊದಲು, ಎಲೆಯನ್ನು ತಿರುವಿ ನೋಡಿದಿರಾ ಎಂದು ಗಿರಾಕಿಯನ್ನು ಕೇಳುವ ನಿಯಮವನ್ನಾದರೂ ಹಿಡಿಯಬೇಕು.