ಪ್ರಾಪರ್ಟಿ ಪಟ್ಟಿ ಬೆಳೆದು ಬಂದ ಬಗೆ

ಪರದೆಯ ಮೇಲಿನ ವಸ್ತುವೊಂದನ್ನು ಆರಿಸಿಕೊಂಡು, ಅದರ ಗುಣಗಳನ್ನು ಪಟ್ಟಿಯಲ್ಲಿ ತಿದ್ದುವ ಪದ್ಧತಿಗೆ ಸ್ಪಷ್ಟ ರೂಪ ಕೊಟ್ಟದ್ದು ಜೆರಾಕ್ಸ್ ಕಂಪನಿ 1981ರಲ್ಲಿ ಹೊರತಂದ ಸ್ಟಾರ್ ಕಂಪ್ಯೂಟರ್. ಅದರ ಕೀಲಿಮಣೆಯಲ್ಲಿ ಇದಕ್ಕೆಂದೇ ಒಂದು ಕೀಲಿ ಇತ್ತು. ಅಕ್ಷರವನ್ನೋ ಚಿತ್ರವನ್ನೋ ಆರಿಸಿ ಅದನ್ನು ಒತ್ತಿದರೆ ‘ಪ್ರಾಪರ್ಟಿ ಶೀಟ್’ ತೆರೆದುಕೊಳ್ಳುತ್ತಿತ್ತು. ಆದರೆ ಸ್ಟಾರ್ ಕಚೇರಿ ಕೆಲಸದ ಯಂತ್ರ. ಅದರಲ್ಲಿ ತಿದ್ದುತ್ತಿದ್ದದ್ದು ದಾಖಲೆಗಳನ್ನು, ಪ್ರೋಗ್ರಾಮನ್ನಲ್ಲ.

ಪ್ರೋಗ್ರಾಮಿನ ಭಾಗಗಳಿಗೂ ಈ ಪದ್ಧತಿ ಬಂದದ್ದು ಆ ದಶಕದ ಕೊನೆಗೆ. ಫ್ರಾನ್ಸಿನ ಜಾನ್-ಮರಿ ಯುಲೋ ರೂಪಿಸಿದ ಇಂಟರ್‌ಫೇಸ್ ಬಿಲ್ಡರ್ 1988ರಲ್ಲಿ ನೆಕ್ಸ್ಟ್ ಕಂಪ್ಯೂಟರಿನೊಂದಿಗೆ ಬಂತು. ಅದರಲ್ಲಿ ಇನ್‌ಸ್ಪೆಕ್ಟರ್ ಎಂಬ ಫಲಕವಿತ್ತು. ಅದೇ ವರ್ಷ ಅಲನ್ ಕೂಪರ್ ತಮ್ಮ ವಿನ್ಯಾಸ ಸಾಧನವೊಂದನ್ನು ಮೈಕ್ರೋಸಾಫ್ಟ್‌ಗೆ ತೋರಿಸಿದರು. ‘ರೂಬಿ’ ಎಂಬ ಹೆಸರು ಪಡೆದ ಅದಕ್ಕೆ ಬೇಸಿಕ್ ಭಾಷೆ ಜೋಡಣೆಯಾಗಿ 1991ರಲ್ಲಿ ವಿಷುವಲ್ ಬೇಸಿಕ್ ಹೊರಬಿತ್ತು.

ಮೊದಲ ಆವೃತ್ತಿಯಲ್ಲಿ ಪ್ರಾಪರ್ಟಿಗಳಿಗೆ ಪ್ರತ್ಯೇಕ ಕಿಟಕಿಯೇ ಇರಲಿಲ್ಲ. ಪರದೆಯ ನೆತ್ತಿಯ ಅಡ್ಡಪಟ್ಟಿಯಲ್ಲಿ ಒಂದು ಪ್ರಾಪರ್ಟಿಯ ಹೆಸರು ಆರಿಸಿ, ಅದರ ಬೆಲೆ ತುಂಬಬೇಕಿತ್ತು. ಎಲ್ಲವನ್ನೂ ಒಟ್ಟಿಗೆ ಕಾಣುವ ಎರಡು ಕಂಬಸಾಲಿನ ಕಿಟಕಿ ಬಂದದ್ದು 1992ರ ಎರಡನೇ ಆವೃತ್ತಿಯಲ್ಲಿ. ಈ ಬದಲಾವಣೆ ಸಣ್ಣದೆನಿಸಿದರೂ ಅದರ ಫಲ ದೊಡ್ಡದು: ಕಾಂಪೊನೆಂಟ್ ಏನೇನು ಮಾಡಬಲ್ಲದು ಎಂಬುದನ್ನು ಕಲಿಯುವವರು ಕೈಪಿಡಿ ಬಿಡಿಸದೆ ಪಟ್ಟಿ ಓದಿಯೇ ತಿಳಿಯತೊಡಗಿದರು. ಕ್ಯಾಪ್ಷನ್ ಖಾನೆಯಲ್ಲಿ ಆಂಪರ್ಸಂಡ್ ಚಿಹ್ನೆ ಹಾಕಿದರೆ ಅದರ ಮುಂದಿನ ಅಕ್ಷರಕ್ಕೆ ಅಡಿಗೆರೆ ಬಿದ್ದು, ಆಲ್ಟ್ ಕೀಲಿಯೊಡನೆ ಆ ಅಕ್ಷರ ಒತ್ತಿದರೆ ಬಟನ್ ಕೆಲಸ ಮಾಡುತ್ತಿತ್ತು. ಎಷ್ಟೋ ಸಾಲು ಕೋಡ್ ಬೇಡುವ ಕೆಲಸ ಒಂದು ಚಿಹ್ನೆಯಲ್ಲಿ ಮುಗಿಯುತ್ತಿತ್ತು.

ಪಟ್ಟಿಯಲ್ಲಿ ಏನಿರಬೇಕೆಂದು ಹೇಳುವವರು ಯಾರು? ಈ ಪದ್ಧತಿಯ ಮುಂದಿನ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದದ್ದು. 1995ರಲ್ಲಿ ಬೋರ್ಲಂಡ್ ಕಂಪನಿ ತಂದ ಡೆಲ್ಫಿ ಇದಕ್ಕೆ ಭಾಷೆಯೊಳಗೇ ಉತ್ತರ ಕೊಟ್ಟಿತು. ಈ ಇತಿಹಾಸದ ಅತ್ಯಂತ ಸೊಗಸಾದ ಹೆಜ್ಜೆ ಇದೇ. ಆಂಡರ್ಸ್ ಹೈಲ್ಸ್‌ಬರ್ಗ್ ಮುಖ್ಯ ಶಿಲ್ಪಿಯಾಗಿದ್ದ ಆ ಸಾಧನದಲ್ಲಿ, ಕ್ಲಾಸಿನ ‘ಪಬ್ಲಿಷ್ಡ್’ ವಿಭಾಗದಲ್ಲಿ ಘೋಷಿಸಿದ ಪ್ರಾಪರ್ಟಿಗಳೆಲ್ಲ ಆಬ್ಜೆಕ್ಟ್ ಇನ್‌ಸ್ಪೆಕ್ಟರಿನಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತಿದ್ದವು. ಫಾಂಟ್ ಪಕ್ಕದ ಕೂಡು ಗುರುತನ್ನು ಒತ್ತಿದರೆ ಅಳತೆ, ಬಣ್ಣ, ಹೆಸರು ಬಿಚ್ಚಿಕೊಳ್ಳುತ್ತಿದ್ದವು; ಈವೆಂಟ್‌ಗಳಿಗೆ ಪ್ರತ್ಯೇಕ ಪುಟವಿತ್ತು. ಫಾರಂ ಉಳಿಸುವಾಗ, ಡೀಫಾಲ್ಟ್ ಎಂದು ಘೋಷಿಸಿದ ಬೆಲೆಯೇ ಇದ್ದರೆ ಅದು ಕಡತಕ್ಕೆ ಹೋಗುತ್ತಿರಲಿಲ್ಲ.

ಜಾವಾ ಬೀನ್ಸ್ ಹಿಡಿದ ದಾರಿ ಬೇರೆ. 1996ರ ಕೊನೆಯಲ್ಲಿ ಬಂದ ಅದರ ನಿಯಮದಂತೆ, ‘ಗೆಟ್‌ಕಲರ್’, ‘ಸೆಟ್‌ಕಲರ್’ ಎಂಬ ಮೆಥಡ್ ಜೋಡಿ ಕಂಡರೆ ಸಾಧನ ‘ಕಲರ್’ ಎಂಬ ಪ್ರಾಪರ್ಟಿ ಇದೆಯೆಂದು ತಿಳಿಯುತ್ತಿತ್ತು. 2002ರಲ್ಲಿ ಬಂದ ಮೈಕ್ರೋಸಾಫ್ಟ್ ಡಾಟ್‌ನೆಟ್ ‘ಪ್ರಾಪರ್ಟಿ ಗ್ರಿಡ್’ ಹೆಸರಿನಲ್ಲಿ ಈ ಪಟ್ಟಿಯನ್ನೇ ಒಂದು ಕಾಂಪೊನೆಂಟಾಗಿ ಕೊಟ್ಟಿತು.

ಕನ್ನಡದ ತಂತ್ರಾಂಶಗಳಿಗೆ ಈ ಪಟ್ಟಿಯ ಒಂದು ಖಾನೆ ವಿಶೇಷವಾಗಿ ಮುಖ್ಯವಾಗಿತ್ತು. 1998ರ ವಿಷುವಲ್ ಬೇಸಿಕ್ 6ರ ಮೂಲ ಕಂಟ್ರೋಲ್‌ಗಳು ಯೂನಿಕೋಡ್ ತೋರಿಸುತ್ತಿರಲಿಲ್ಲ; ಕನ್ನಡದ ಪಠ್ಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿತ್ತು. ಫಾಂಟ್ ಪ್ರಾಪರ್ಟಿಯಲ್ಲಿ ನುಡಿಯಂಥ ಹಳೆಯ ಸಂಕೇತ ಕ್ರಮದ ಫಾಂಟ್ ಆರಿಸಿದರೆ ಮಾತ್ರ ಅಲ್ಲಿ ಕನ್ನಡ ಮೂಡುತ್ತಿತ್ತು. ಡಾಟ್‌ನೆಟ್ ಪಠ್ಯವನ್ನು ಯೂನಿಕೋಡಿನಲ್ಲೇ ಇಟ್ಟುಕೊಂಡದ್ದರಿಂದ ಆ ತೊಡಕು ಕಳೆಯಿತು.

ಗೂಗಲ್ 2010ರಲ್ಲಿ ಆರಂಭಿಸಿ, ಮುಂದೆ ಎಂಐಟಿ ವಹಿಸಿಕೊಂಡ ಆ್ಯಪ್ ಇನ್ವೆಂಟರ್ ಇದೇ ಪದ್ಧತಿಯನ್ನು ಶಾಲಾಮಕ್ಕಳ ಕೈಗಿತ್ತಿತು. ಅಲ್ಲಿ ಹೆಚ್ಚಿನ ಪ್ರಾಪರ್ಟಿಗಳಿಗೆ ಎರಡು ನೆಲೆ: ಡಿಸೈನರಿನ ಬಲಬದಿಯ ಪಟ್ಟಿ ಮತ್ತು ಹಸಿರು ಬಣ್ಣದ ಬ್ಲಾಕ್‌ಗಳು. ಬಟನ್ನಿನ ಆಕಾರದಂಥ ಕೆಲವನ್ನು ಮಾತ್ರ ಡಿಸೈನರಿನಲ್ಲೇ ನಿಗದಿ ಮಾಡಬೇಕು. ಆ್ಯಪ್ ಓಡುವಾಗ ಅವನ್ನು ಬದಲಿಸುವ ಬ್ಲಾಕ್ ಇಲ್ಲ.