ಅಂಕಪಟ್ಟಿಯ ಕೊನೆಯ ಸಾಲು

2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ಎಫ್‌ಸಿ 3–2ರಿಂದ ಬೆಂಗಳೂರು ಎಫ್‌ಸಿಯನ್ನು ಸೋಲಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಚಾಂಪಿಯನ್ ಆಯಿತು. ಹದಿನೆಂಟು ಪಂದ್ಯಗಳ ಲೀಗ್ ಹಂತದಲ್ಲಿ 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿದ್ದದ್ದು ಬೆಂಗಳೂರು. ಚೆನ್ನೈಯಿನ್ ಎಂಟು ಅಂಕ ಹಿಂದಿತ್ತು. ಫೈನಲ್ ಗೆದ್ದವರು ನ್ಯಾಯವಾಗಿಯೇ ಗೆದ್ದರು. ಆದರೆ ತಿಂಗಳುಗಟ್ಟಲೆ ಊರೂರು ಸುತ್ತಿ ಗಳಿಸಿದ ಅಂಕಗಳಿಗೆ ಒಂದು ಟ್ರೋಫಿಯೂ ಇರಲಿಲ್ಲ. ಪಟ್ಟಿಯ ತುದಿಯಲ್ಲಿ ನಿಂತವರಿಗೆ ಲೀಗ್ ಶೀಲ್ಡ್ ಎಂಬ ಮನ್ನಣೆ ದೊರೆತದ್ದು 2019–20ರಲ್ಲಿ, ಮೊದಲು ಎಫ್‌ಸಿ ಗೋವಾಗೆ. ಮೊದಲ ಸಾಲಿಗಾದರೂ ಹೀಗೆ ತಡವಾಗಿ ಬೆಲೆ ಬಂತು. ಭಾರತದ ಕ್ಲಬ್ ಫುಟ್‌ಬಾಲಿಗೆ ಇನ್ನೂ ಒಗ್ಗದಿರುವುದು ಕೊನೆಯ ಸಾಲು. ಯಾರು ಒಳಗೆ ಬರಬೇಕು, ಯಾರು ಹೊರಗೆ ಹೋಗಬೇಕು ಎಂಬುದನ್ನು ಅಂಕಪಟ್ಟಿಯೇ ತೀರ್ಮಾನಿಸುವಲ್ಲಿ ಮಾತ್ರ ಕ್ಲಬ್ಬಿನ ಚರಿತ್ರೆ ಗಟ್ಟಿಯಾಗುತ್ತದೆ.

ಇದರ ಮೊದಲ ಪಾಠ ಕಲ್ಕತ್ತೆಯದು. 1898ರಲ್ಲಿ ಅಲ್ಲಿ ಲೀಗ್ ಆರಂಭವಾದಾಗ ಅದು ಸೇನಾ ತಂಡಗಳ, ಯುರೋಪಿಯನ್ ಕ್ಲಬ್‌ಗಳ ಸೊತ್ತಾಗಿತ್ತು. 1889ರಲ್ಲಿ ಹುಟ್ಟಿದ ಮೋಹನ್ ಬಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಮಣಿಸಿ ಐಎಫ್‌ಎ ಶೀಲ್ಡ್ ಎತ್ತಿತು. ಆದರೂ ಅದಕ್ಕೆ ಲೀಗಿನ ಎರಡನೇ ಡಿವಿಷನ್ನಿನ ಬಾಗಿಲು ತೆರೆದದ್ದು 1914ರಲ್ಲಿ, ಮೊದಲನೆಯದರದು ಮರುವರ್ಷ. ಶೀಲ್ಡ್ ಗೆಲುವು ಅದೃಷ್ಟದ್ದೆಂದು ತಳ್ಳಿಹಾಕುವವರಿಗೆ ಅವಕಾಶವಿತ್ತು. 1934ರಿಂದ 1938ರವರೆಗೆ ಮೊಹಮ್ಮಡನ್ ಸ್ಪೋರ್ಟಿಂಗ್ ಸತತ ಐದು ಬಾರಿ ಲೀಗ್ ಗೆದ್ದಾಗ ಆ ಮಾತಿಗೆ ಎಡೆಯೇ ಉಳಿಯಲಿಲ್ಲ. ಕಪ್ ಒಂದು ದಿನದ ಸಾಹಸವನ್ನು ಹೇಳುತ್ತದೆ, ಪಟ್ಟಿ ಇಡೀ ಋತುವಿನ ಯೋಗ್ಯತೆಯನ್ನು.

ಇಂಥ ಪಟ್ಟಿ ದೇಶಕ್ಕೆಲ್ಲ ಒಂದಾಗಲು 1996ರವರೆಗೆ ಕಾಯಬೇಕಾಯಿತು. ಆಗ ಶುರುವಾದ ನ್ಯಾಷನಲ್ ಫುಟ್‌ಬಾಲ್ ಲೀಗಿನ ಮೊದಲ ಚಾಂಪಿಯನ್ ಪಂಜಾಬಿನ ಜೆಸಿಟಿ. 2007ರಲ್ಲಿ ಅದೇ ಐ-ಲೀಗ್ ಆಯಿತು. ಬಡ್ತಿ, ಹಿಂಬಡ್ತಿ ಎರಡೂ ಇದ್ದವು, ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಅಲ್ಲ. ಬೆಂಗಳೂರಿನ ಎಚ್‌ಎಎಲ್ ತಂಡ 2011–12ರಲ್ಲಿ ಅಂಕಪಟ್ಟಿಯ ತೀರ್ಪಿನಂತೆ ಕೆಳಗಿಳಿಯಿತು. 2013ರಲ್ಲಿ ಅದೇ ಊರಿನ ಬೆಂಗಳೂರು ಎಫ್‌ಸಿ ನೇರ ಪ್ರವೇಶದಿಂದ ಮೇಲೆ ಬಂತು. ಬಂದ ಮೊದಲ ಋತುವಿನಲ್ಲೇ ಅದು ಚಾಂಪಿಯನ್ ಆದದ್ದರಿಂದ ಆ ಬಾಗಿಲನ್ನು ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನೆ ಎದ್ದದ್ದು 2015–16ರಲ್ಲಿ. ನೇರ ಪ್ರವೇಶದ ಡಿಎಸ್‌ಕೆ ಶಿವಾಜಿಯನ್ಸ್ ಕಟ್ಟಕಡೆಗೆ ನಿಂತರೂ ಹಿಂಬಡ್ತಿಯಿಂದ ವಿನಾಯಿತಿ ಪಡೆದಿತ್ತು. ಅದಕ್ಕಿಂತ ಒಂದು ಸ್ಥಾನ ಮೇಲಿದ್ದ ಮಿಜೋರಾಮಿನ ಐಜ್ವಾಲ್ ಎಫ್‌ಸಿ ಇಳಿಯಬೇಕಾಯಿತು. ಐಎಸ್‌ಎಲ್‌ಗೆ ಅಗ್ರಪಟ್ಟ ಕಟ್ಟುವ ಯೋಜನೆಯನ್ನು ಪ್ರತಿಭಟಿಸಿ ಗೋವಾದ ಕ್ಲಬ್‌ಗಳು ಹೊರನಡೆದ ಮೇಲೆ ಐಜ್ವಾಲ್‌ಗೆ ಮತ್ತೆ ಕರೆ ಬಂತು. 2016–17ರಲ್ಲಿ ಅದು ಮೋಹನ್ ಬಗಾನನ್ನು ಒಂದು ಅಂಕದಿಂದ ಹಿಂದಿಕ್ಕಿ ದೇಶದ ಚಾಂಪಿಯನ್ ಆಯಿತು. ವಿನಾಯಿತಿಯ ನೆರಳಲ್ಲಿದ್ದ ಶಿವಾಜಿಯನ್ಸ್ 2017ರಲ್ಲಿ ಬಾಗಿಲು ಮುಚ್ಚಿತು.

ಹಿಂಬಡ್ತಿಯೇ ಕ್ಲಬ್‌ಗಳನ್ನು ಕೊಲ್ಲುತ್ತದೆ ಎಂಬ ಆಕ್ಷೇಪ ಬಲವಾದದ್ದು. ಕೆಳಗಿಳಿದರೆ ಬಂಡವಾಳ ಹೂಡಿದವರು ಕೈಬಿಡುತ್ತಾರೆ ಎನ್ನುವವರು ಜೆಸಿಟಿಯನ್ನು ತೋರಿಸುತ್ತಾರೆ: 2011ರಲ್ಲಿ ಅದು ಕೆಳಗಿಳಿಯಿತು, ಅದೇ ವರ್ಷ ಮುಚ್ಚಿತು. ಆದರೆ ಅದಕ್ಕೆ ಒಂದು ವರ್ಷ ಮೊದಲು ಮುಚ್ಚಿದ ಮಾಜಿ ಚಾಂಪಿಯನ್ ಮಹೀಂದ್ರಾ ಯುನೈಟೆಡ್ ಕೆಳಗಿಳಿದಿರಲಿಲ್ಲ. ಒಂದೇ ಕಂಪನಿಯ ಕೈಚೀಲವನ್ನು ನೆಚ್ಚಿಕೊಂಡ ಕ್ಲಬ್ ಯಾವ ಸ್ಥಾನದಲ್ಲಿದ್ದರೂ ಆ ಕೈಚೀಲದ ದಾರ ಬಿಗಿಯುವ ದಿನ ಮುಗಿಯುತ್ತದೆ. ಮುಚ್ಚಿದ ಬಾಗಿಲಿನ ಲೀಗ್‌ಗಳು ಅಮೆರಿಕದಲ್ಲಿ, ನಮ್ಮದೇ ಐಪಿಎಲ್‌ನಲ್ಲಿ ನಡೆಯುತ್ತಿಲ್ಲವೇ ಎಂಬುದು ಇನ್ನೊಂದು ವಾದ. ಅಮೆರಿಕದಲ್ಲಿ ಕಾಲೇಜು ಕ್ರೀಡೆ, ಇಲ್ಲಿ ರಣಜಿ ಟ್ರೋಫಿ ಆಟಗಾರರನ್ನು ಬೆಳೆಸುವ ಹೊಣೆ ಹೊತ್ತಿವೆ. ಫುಟ್‌ಬಾಲಿನಲ್ಲಿ ಆ ಹೊಣೆ ಬಹುಪಾಲು ಕ್ಲಬ್ಬಿನದೇ. ಮೇಲೇರುವ ದಾರಿ ಇಲ್ಲದ ಕ್ಲಬ್ ಹದಿಹರೆಯದ ಹುಡುಗರ ಮೇಲೆ ಹತ್ತು ವರ್ಷ ಹಣ ಸುರಿಯಲು ಕಾರಣವೇ ಇರುವುದಿಲ್ಲ.

2014ರಲ್ಲಿ ಎಂಟು ಫ್ರಾಂಚೈಸಿಗಳೊಂದಿಗೆ ಆರಂಭವಾದ ಐಎಸ್‌ಎಲ್ ಆಟಕ್ಕೆ ಹಣ, ನೇರಪ್ರಸಾರ, ತುಂಬಿದ ಗ್ಯಾಲರಿಗಳನ್ನು ತಂದಿತು. 2023ರಲ್ಲಿ ಮೇಲೇರುವ ಮೆಟ್ಟಿಲನ್ನೂ ಇಟ್ಟಿತು: ಐ-ಲೀಗ್ ಗೆದ್ದ ಪಂಜಾಬ್, ಮರುವರ್ಷ ಮೊಹಮ್ಮಡನ್ ಒಳಬಂದವು. 2024–25ರಲ್ಲಿ ಮೊಹಮ್ಮಡನ್ ಕೊನೆಯ ಸ್ಥಾನ ಪಡೆಯಿತು, ಆದರೆ ಹಿಂಬಡ್ತಿ ಇಲ್ಲದ್ದರಿಂದ ಇಳಿಯುವ ಪ್ರಶ್ನೆಯೇ ಬರಲಿಲ್ಲ. ಐದು ಬಾರಿ ಅಗ್ರಸ್ಥಾನದಿಂದಲೇ ತನ್ನ ಹೆಸರನ್ನು ಬರೆದುಕೊಂಡ ಕ್ಲಬ್ಬಿಗೆ ಆ ಋತುವಿನಲ್ಲಿ ಕೊನೆಯ ಸ್ಥಾನದಿಂದ ಯಾವ ನಷ್ಟವೂ ಆಗಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ಒಪ್ಪಂದದ ಅನಿಶ್ಚಿತತೆಯಿಂದ ಲೀಗೇ ತಡೆಹಿಡಿಯಲ್ಪಟ್ಟಿತು. ಆಗ ಮೊದಲ ಸ್ಥಾನದವರೂ ಕೊನೆಯವರೂ ಒಂದೇ ಬಾಗಿಲ ಮುಂದೆ ಕಾಯುತ್ತ ನಿಂತರು. ಬಾಗಿಲ ಕೀಲಿ ಅಂಕಪಟ್ಟಿಯ ಕೈಯಲ್ಲಿ ಇರಲಿಲ್ಲ.