ನೀಲಿ: ಸೊಪ್ಪಿನಿಂದ ಚಿತ್ರದವರೆಗೆ

ಬಟ್ಟೆಗೆ ಹಾಕುವುದನ್ನೂ ಚಿತ್ರಕ್ಕೆ ಬಳಿಯುವುದನ್ನೂ ನಾವು ಬಣ್ಣವೆಂದೇ ಕರೆಯುತ್ತೇವೆ. ವಸ್ತುತಃ ಇವೆರಡರ ಸ್ವಭಾವ ಬೇರೆ. ಮೊದಲನೆಯದು ನೀರಿನಲ್ಲಿ ಕರಗಿ ನೂಲಿನೊಳಕ್ಕೆ ಇಳಿಯಬೇಕು. ಎರಡನೆಯದು ಕರಗದ ಪುಡಿಯಾಗಿದ್ದು ಅಂಟಿನ ಆಶ್ರಯದಿಂದ ಭಿತ್ತಿಯ ಮೇಲೆ ನಿಲ್ಲಬೇಕು. ಆದುದರಿಂದ ಸಸ್ಯರಸಗಳಲ್ಲಿ ಅನೇಕವು ಪಟಿಕದಂತಹ ಲವಣದ ನೆರವಿನಿಂದ ಗಸಿಗಟ್ಟಿದ ಹೊರತು ಚಿತ್ರಕಾರನಿಗೆ ಪುಡಿಯಾಗಿ ಒದಗುವುದಿಲ್ಲ. ಇದಕ್ಕೆ ಪ್ರಸಿದ್ಧವಾದ ಅಪವಾದ ನೀಲಿ.

ನೀಲಿಗಿಡದ ಹಸಿ ಎಲೆಯಲ್ಲಿ ನೀಲವರ್ಣವಿರುವುದಿಲ್ಲ. ಇಂಡಿಕಾನ್ ಎಂಬ ವರ್ಣರಹಿತ ಪದಾರ್ಥವಿರುತ್ತದೆ. ಸೊಪ್ಪನ್ನು ತೊಟ್ಟಿಯಲ್ಲಿ ನೆನೆಯಿಟ್ಟಾಗ ಅದು ಒಡೆದು ನೀರಿಗೆ ಇಳಿಯುತ್ತದೆ. ಆ ನೀರನ್ನು ಇನ್ನೊಂದು ತೊಟ್ಟಿಗೆ ಹಾಯಿಸಿ ಬಡಿದರೆ, ಗಾಳಿಯ ಆಮ್ಲಜನಕ ಕೂಡಿ ನೀಲಿಯ ಗಸಿ ತಳಕ್ಕೆ ಇಳಿಯುತ್ತದೆ. ಅದನ್ನು ಕುದಿಸಿ, ಸೋಸಿ, ಹಿಂಡಿ, ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸುತ್ತಾರೆ. ಬಣ್ಣಗಾರನು ಈ ಬಿಲ್ಲೆಯನ್ನು ಮತ್ತೆ ಕರಗುವಂತೆ ಮಾಡಿಕೊಳ್ಳಬೇಕು. ಚಿತ್ರಕಾರನಿಗಾದರೋ ನುಣ್ಣಗೆ ಅರೆದು ಅಂಟು ಸೇರಿಸಿದರೆ ಸಾಕು. ಭಾರತದ ಹಸ್ತಪ್ರತಿಚಿತ್ರಗಳಲ್ಲಿ ನೀಲಿಗೆ ಹರಿತಾಳವನ್ನು ಬೆರೆಸಿ ಹಸುರನ್ನು ಪಡೆದದ್ದುಂಟು.

ಅಂಟಿನ ವಿಚಾರದಲ್ಲಿ ಕನ್ನಡನಾಡಿನ ಸಾಕ್ಷ್ಯ ಬೆಲೆಯುಳ್ಳದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದ ಚಿತ್ರಪ್ರಕರಣದಲ್ಲಿ, ಎಮ್ಮೆಯ ತೊಗಲನ್ನು ಕುದಿಸಿ 'ವಜ್ರಲೇಪ'ವನ್ನು ಸಿದ್ಧಪಡಿಸುವ ಕ್ರಮ ಹೇಳಲ್ಪಟ್ಟಿದೆ. ವರ್ಣ ಎಷ್ಟೇ ಉತ್ತಮವಾಗಿರಲಿ, ಬಂಧಕವಿಲ್ಲದೆ ಅದು ಉದುರಿಹೋಗುತ್ತದೆ.

ನೀಲಿಯ ಮುಂದಿನ ಚರಿತ್ರೆ ಅಷ್ಟು ಸುಂದರವಲ್ಲ. ಬಂಗಾಳದ ರೈತರು 1859–60ರಲ್ಲಿ ನೀಲಿ ತೋಟಗಾರರ ಬಲಾತ್ಕಾರದ ವಿರುದ್ಧ ದಂಗೆಯೆದ್ದರು. 1826ರಲ್ಲಿ ನೀಲಿಯನ್ನು ಬಟ್ಟಿಯಿಳಿಸಿ ಪಡೆದ ದ್ರವಕ್ಕೆ ಮುಂದೆ ಅನಿಲೀನ್ ಎಂಬ ಹೆಸರು ಬಂದಿತು. ಅದರ ಮೂಲ ನಮ್ಮ 'ನೀಲ' ಶಬ್ದವೇ. ಅದೇ ಅನಿಲೀನಿನಿಂದ 1856ರಲ್ಲಿ ಪರ್ಕಿನ್ ಕೃತಕ ನೇರಳೆ ಬಣ್ಣವನ್ನು ತಯಾರಿಸಿದನು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆ ಕೃತಕ ನೀಲಿಯನ್ನೇ ಮಾರುಕಟ್ಟೆಗೆ ತಂದಿತು. ಸಸ್ಯದ ನೀಲಿಯ ವ್ಯಾಪಾರ ಕುಸಿಯಿತು. ಚಂಪಾರಣ್ಯದ ತೋಟಗಾರರು ತಮ್ಮ ನಷ್ಟವನ್ನು ಹೆಚ್ಚಿನ ಗೇಣಿಯ ರೂಪದಲ್ಲಿ ರೈತರ ತಲೆಗೇ ಕಟ್ಟಿದರು. ಬೀಘೆಗೆ ಇಪ್ಪತ್ತು ಕಠ್ಠೆಗಳಲ್ಲಿ ಮೂರರಲ್ಲಿ ನೀಲಿ ಬೆಳೆಯಲೇಬೇಕೆಂಬ 'ತೀನಕಠಿಯಾ' ಪದ್ಧತಿ, ಗಾಂಧೀಜಿಯವರ 1917ರ ಸತ್ಯಾಗ್ರಹದ ತರುವಾಯವೇ ರದ್ದಾಯಿತು.

ಹಳೆಯ ಚಿತ್ರಗಳನ್ನು ಸಂರಕ್ಷಿಸುವವರಿಗೆ ಖನಿಜವರ್ಣ ಯಾವುದು, ಬೆಳಕಿಗೆ ಮಾಸಬಲ್ಲ ಸಸ್ಯವರ್ಣ ಯಾವುದು ಎಂಬ ವಿವೇಚನೆ ಇಂದಿಗೂ ಅವಶ್ಯ. ಆದರೆ ವರ್ಣದ ಚರಿತ್ರೆ ಚಿತ್ರದ ಚೌಕಟ್ಟಿಗೆ ಮುಗಿಯುವುದಿಲ್ಲ. ಸೊಪ್ಪು ಬೆಳೆದವನ ಹೊಲದವರೆಗೂ ಅದನ್ನು ಹಿಂಬಾಲಿಸಬೇಕಾಗುತ್ತದೆ.